ಸೋಮವಾರದ ಮಳೆಗೊಂದು ತಿದ್ದುಪಡಿ

2025ರ ಆಗಸ್ಟ್ 11, ಸೋಮವಾರ, ಬೆಳಗಿನ ಐದು ಗಂಟೆ ಐವತ್ತೆರಡು ನಿಮಿಷ. ಔರಾದ ತಾಲ್ಲೂಕಿನ ಬೋರಳವಾಡಿಯ ಮೇಲೆ ಮೋಡ ಬಹಳ ಕೆಳಗೆ ಇಳಿದು ನಿಂತಿದೆ. ತೊಗರಿ ಹೊಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದಂಥ ಬೂದು ಬೆಳಕು. ಹಟ್ಟಿಯಲ್ಲಿ ನಲವತ್ತೆರಡು ಕುರಿಗಳು ಒಂದೇ ಉಸಿರಿನಂತೆ ಏರಿಳಿಯುತ್ತಿವೆ. ಅವುಗಳ ನಡುವೆ ಬಗ್ಗಿ ಹಿಕ್ಕೆ ಗುಡಿಸುತ್ತಿರುವ ಮನಿಷಾ ಅವರ ಎಡಗಿವಿಯಲ್ಲಿ ಇಯರ್‌ಫೋನ್ ಇದೆ. ಪತ್ರಿಕೆಯ ಪುಟ ಕಟ್ಟುವುದು ಹೇಗೆಂಬ ಪಾಠವನ್ನು ಯಾರೋ ನಿಧಾನವಾಗಿ ಹೇಳುತ್ತಿದ್ದಾರೆ. ಬಲಗಿವಿ ಕುರಿಗಳಿಗೆ ಮೀಸಲು.

ನಡುನಡುವೆ ಅವರು ಪೊರಕೆ ನಿಲ್ಲಿಸಿ ಮೇಲೆ ನೋಡುತ್ತಾರೆ.

“ಮಳಿ ಬ್ಯಾಡ ಅಂತ ದೇವರಿಗೆ ಕೇಳಿದ್ದು ಜೀವನದಾಗ ಇದೇ ಮೊದಲರಿ. ಕುರಿ ಸಾಕೋರ ಬಾಯಿಂದ ಬರೋ ಮಾತಲ್ಲ ಇದು. ಎಂಟೂವರಿ ತನಕ ಅಷ್ಟೇ ಕೇಳೀನಿ. ಆ ಮ್ಯಾಲ ಎಷ್ಟರೆ ಬರ್ಲಿ,” ಎನ್ನುತ್ತಾರೆ.

ಹಟ್ಟಿಯ ಗೂಟಕ್ಕೆ ಪ್ಲಾಸ್ಟಿಕ್ ಚೀಲವೊಂದು ನೇತಾಡುತ್ತಿದೆ. ಅದರೊಳಗಿನ ಕಂದು ಲಕೋಟೆಯ ಬಾಯನ್ನು ಇನ್ನೂ ಅಂಟಿಸಿಲ್ಲ. ಲಕೋಟೆಯಲ್ಲಿ ಅವರೇ ಬರೆದು, ತಿದ್ದಿ, ಪುಟ ಕಟ್ಟಿ, ಅಚ್ಚು ಹಾಕಿಸಿದ ನಾಲ್ಕು ಪುಟದ ಪತ್ರಿಕೆಯ ಮೂರು ಪ್ರತಿಗಳಿವೆ. ದೂರಶಿಕ್ಷಣದಲ್ಲಿ ಒಂದು ವರ್ಷದಿಂದ ಓದುತ್ತಿರುವ ಪ್ರಕಾಶನ ಮತ್ತು ಪತ್ರಿಕೋದ್ಯಮದ ಡಿಪ್ಲೊಮಾಕ್ಕೆ ಇದು ಕೊನೆಯ ಕೆಲಸ. ಇಂದು ಸಂಜೆ ಐದರೊಳಗೆ ಬೀದರದ ಅಧ್ಯಯನ ಕೇಂದ್ರಕ್ಕೆ ಮುಟ್ಟದಿದ್ದರೆ ಒಂದು ವರ್ಷದ ಓದು ನೀರುಪಾಲು. ಆದರೆ ಮೊದಲ ಪುಟದ ಎಡ ಮೇಲ್ಮೂಲೆಯಲ್ಲಿ ಒಂದು ಅಂಕಿಯ ಜಾಗ ಖಾಲಿ ಇದೆ. ಆ ಅಂಕಿ ಬೆಳಿಗ್ಗೆ ಎಂಟೂವರೆಗೆ ಸಿಗಬೇಕು. ಅದು ಏನಾಗಿರಬೇಕೆಂದು ಮನಿಷಾ ಅವರಿಗೆ ಗೊತ್ತು. ಆಗದಿದ್ದರೆ ಲಕೋಟೆ ಗೂಟದಲ್ಲೇ ಉಳಿಯುತ್ತದೆ.

ಮನಿಷಾ ಅವರಿಗೆ ಮೂವತ್ತೊಂದು ವರ್ಷ. ತವರು ಕಮಲನಗರದ ಕಡೆ. ಪಿಯುಸಿ ಮುಗಿದ ಮೇಲೆ ಮದುವೆಯಾಗಿ ಇಲ್ಲಿಗೆ ಬಂದರು. ಪತಿ ವೈಜಿನಾಥ ಬೆಳಗಾಗುತ್ತಲೇ ಕುರಿ ಹೊಡೆದುಕೊಂಡು ಹೋಗುತ್ತಾರೆ. ಹಟ್ಟಿ, ಮರಿಗಳು, ಮನೆ ಇವರ ಪಾಲು. ಇದರ ಜೊತೆಗೆ ಇನ್ನೊಂದು ಕೆಲಸವಿದೆ. ಊರಿನಲ್ಲಿ ಅದನ್ನು ಕೆಲಸವೆಂದು ಯಾರೂ ಕರೆಯುವುದಿಲ್ಲ. ಹಟ್ಟಿಯಿಂದ ನೂರಾ ನಲವತ್ತು ಹೆಜ್ಜೆ ದೂರದ ಶಾಲೆಯ ಅಂಗಳದಲ್ಲಿ ತಂತಿ ಬೇಲಿಯೊಳಗೆ ಒಂದು ಮಳೆಮಾಪಕವಿದೆ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅದರೊಳಗಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಅಂಕಿಯನ್ನು ವಹಿಯಲ್ಲಿ ಬರೆದು, ತಾಲ್ಲೂಕು ಕಚೇರಿಗೆ ಫೋನಿನಲ್ಲಿ ಕಳಿಸಬೇಕು. ಗೌರವಧನ ಸಣ್ಣದು. ರಜೆ ಇಲ್ಲ.

2024ರ ಜೂನ್ ಒಂದರಿಂದ ಇಂದಿಗೆ 437 ದಿನ. ಎರಡು ದಿನ ಮಾತ್ರ ಅವರು ಬೀದರದಲ್ಲಿ ಪರೀಕ್ಷೆ ಬರೆಯುತ್ತಿದ್ದರು. ಆಗ ಅಳೆದವರು ವೈಜಿನಾಥ. ಆ ಎರಡು ಅಂಕಿಗಳ ಪಕ್ಕ ಸಣ್ಣದಾಗಿ “ವೈ” ಎಂದು ಬರೆದಿದೆ. ಕೇಳಿದರೆ, “ನಾ ನೋಡದ್ದು ನಂದು ಅಂತ ಹ್ಯಾಂಗ ಹೇಳ್ಲಿರಿ?” ಎನ್ನುತ್ತಾರೆ.

ಪತ್ರಿಕೋದ್ಯಮಕ್ಕೆ ದಾರಿ ತೋರಿಸಿದ್ದು ಈ ವಹಿಯೇ. ಅದರ ಕೊನೆಯ ಅಂಕಣ “ಷರಾ”. ಮೊದಲ ತಿಂಗಳು ಮನಿಷಾ ಅಲ್ಲಿ ಕಂಡದ್ದನ್ನೆಲ್ಲ ಬರೆದರು. “ಮೋಡ ಪಡುವಣದಿಂದ ಬಂದು, ನಮ್ಮನ್ನು ನೋಡಿ, ಭಾಲ್ಕಿ ಕಡೆ ತಿರುಗಿತು.” “ಇಂದು ಕುರಿಗಳು ಮಳೆಗೆ ಮೊದಲೇ ಗುಂಪು ಕಟ್ಟಿದವು.” ಜೂನ್ ಕೊನೆಯಲ್ಲಿ ವಹಿ ನೋಡಿದ ಕಚೇರಿಯವರಿಂದ ಫೋನ್ ಬಂತು: “ಬಾಯಿ, ಷರಾದಾಗ ಕತಿ ಬರೀಬ್ಯಾಡ್ರಿ. ಅಂಕಿ ಅಷ್ಟೇ ಸಾಕು.”

“ಬೈಸ್ಕೊಂಡೆ. ಆದ್ರ ಬರೀಯೋ ಚಟ ಹತ್ತಿಬಿಟ್ಟಿತ್ತರಿ. ಅಲ್ಲಿ ಬ್ಯಾಡಂದ್ರ ಬ್ಯಾರೆ ಜಾಗಾ ನೋಡ್ಕೋಬೇಕಲ್ಲ?” ಅದೇ ವಾರ ಔರಾದ ಬಸ್ ನಿಲ್ದಾಣದ ಗೋಡೆಯಲ್ಲಿ ಡಿಪ್ಲೊಮಾ ಪ್ರವೇಶದ ಪ್ರಕಟಣೆ ಕಂಡು ಅರ್ಜಿ ಹಾಕಿದರು. ಹದಿನೈದು ದಿನಕ್ಕೆ ಅಂಚೆಯಲ್ಲಿ ಆರು ಪುಸ್ತಕ ಬಂದವು. ಮೇವಿನ ಕೋಣೆಯ ಗೋಡೆಗೂಡಿನಲ್ಲಿ ಅವುಗಳಿಗೆ ಜಾಗ ಮಾಡಿದರು.

ಭಾನುವಾರದ ತರಗತಿ ಬೀದರದಲ್ಲಿ ಹತ್ತಕ್ಕೆ ಶುರು. ಮನಿಷಾ ಮೊದಲ ಭಾನುವಾರ ಮುಕ್ಕಾಲು ಗಂಟೆ ತಡ, ಎರಡನೆಯದಕ್ಕೂ ತಡ. ಪಾಠ ಹೇಳುವ ಮಾಧವ ಸರ್ ಚಾಕ್ ಕೆಳಗಿಟ್ಟು ಕೇಳಿದರು: “ಯಾಕ್ರಿ ಬಾಯಿ, ನಿಮ್ಮೂರ ಗಡಿಯಾರ ಬ್ಯಾರೆ ಏನು?”

“ಮಳಿ ಅಳದು ಬಂದೀನ್ರಿ ಸರ್.”

ತರಗತಿಯಲ್ಲಿ ನಗು ಎದ್ದಿತು. ಮಾಧವ ಸರ್ ನಗಲಿಲ್ಲ. “ನಿನ್ನಿ ಎಷ್ಟಾತು?” ಎಂದರು. ಏಳು ಪಾಯಿಂಟ್ ಎರಡು ಎಂದು ಮನಿಷಾ ಹೇಳಿದರು. ಆ ನಂತರ ಪ್ರತಿ ಭಾನುವಾರ ಅವರು ಬಾಗಿಲಿಗೆ ಬಂದ ಕೂಡಲೇ ಸರ್ ಮಳೆ ಎಷ್ಟೆಂದು ಕೇಳಿ, ಬೋರ್ಡಿನ ಮೂಲೆಯಲ್ಲಿ ಆ ಅಂಕಿ ಬರೆಯಲು ಶುರು ಮಾಡಿದರು.

ಆ ವರ್ಷವೇ, 2024ರ ಶ್ರಾವಣದಲ್ಲಿ, ವಹಿಯೊಳಗೆ ಒಂದು ವಿಚಿತ್ರ ಕಾಣಿಸಿತು. ಆಗಸ್ಟ್ 5, ಸೋಮವಾರ: 4.1 ಮಿಲಿಮೀಟರ್. 12, ಸೋಮವಾರ: 3.9. 26, ಸೋಮವಾರ: 4.0. ಉಳಿದೆರಡು ಶ್ರಾವಣ ಸೋಮವಾರ ನಿಜವಾಗಿಯೇ ಜೋರು ಮಳೆಯಾಗಿತ್ತು, ಅವುಗಳನ್ನು ಬಿಡೋಣ. ಈ ಮೂರು ಸೋಮವಾರ ಮಾತ್ರ ಹಿಂದಿನ ಸಂಜೆಯೂ ಮಳೆ ಇಲ್ಲ, ಬೆಳಿಗ್ಗೆ ಅಂಗಳದ ಮಣ್ಣೂ ಒಣಗಿದೆ. ಮಾಪಕದೊಳಗೆ ಮಾತ್ರ ತಿಳಿಯಾದ, ತಣ್ಣನೆಯ ನೀರು.

ಅಕ್ಟೋಬರಿನಲ್ಲಿ ಸ್ವಂತ ಪತ್ರಿಕೆಯೊಂದನ್ನು ತಯಾರಿಸುವ ಅಭ್ಯಾಸ ಕೊಟ್ಟಾಗ ಮನಿಷಾ ಅದನ್ನೇ ಬರೆದರು. ಪತ್ರಿಕೆಗೆ “ಹಟ್ಟಿ ಹಾಳೆ” ಎಂದು ಹೆಸರಿಟ್ಟರು. ಮೊದಲ ಪುಟದ ಎಡ ಮೇಲ್ಮೂಲೆಯಲ್ಲಿ, ಹದಿನಾಲ್ಕು ಪಾಯಿಂಟ್ ಅಕ್ಷರದಲ್ಲಿ “ಸೋಮವಾರದ ಮಳೆ” ಬಂತು. ಅದರ ಆರಂಭ ಹೀಗಿದೆ: “ನಮ್ಮೂರಿಗೆ ಶ್ರಾವಣ ಸೋಮವಾರ ಒಂದು ಮಳೆ ಬರುತ್ತದೆ. ಅದಕ್ಕೆ ಸಪ್ಪಳವಿಲ್ಲ. ಮಣ್ಣಿಗೆ ಗೊತ್ತಾಗದಂತೆ, ನಾಯಿ ಬೊಗಳದಂತೆ, ಎಲ್ಲರೂ ಮಲಗಿದ ಮೇಲೆ ಬಂದು ನಾಲ್ಕು ಮಿಲಿಮೀಟರ್ ಇಟ್ಟು ಹೋಗುತ್ತದೆ.”

ಇನ್ನೂರು ಪ್ರತಿಗಳು ಅಚ್ಚಾದವು. ಔರಾದ ಮತ್ತು ಭಾಲ್ಕಿಯ ಬಸ್ ನಿಲ್ದಾಣಗಳ ಚಹಾ ಅಂಗಡಿಗಳಲ್ಲಿ ಜನ ಅದನ್ನು ಒಬ್ಬರಿಗೊಬ್ಬರು ಓದಿ ಹೇಳಿದರು. ಸಾಕ್ಷಿಗಳೂ ಹುಟ್ಟಿಕೊಂಡರು. ಒಬ್ಬ ಕುರಿಗಾರನ ಕಂಬಳಿ ಸೋಮವಾರ ಹಸಿಯಾಗಿತ್ತಂತೆ. ಒಬ್ಬ ಹೆಣ್ಣುಮಗಳಿಗೆ ನಿದ್ದೆಯಲ್ಲಿ ಮಣ್ಣಿನ ವಾಸನೆ ಬಂದಿತ್ತಂತೆ. ಒಂದು ಸುಂದರ ಮಾತು ಅಚ್ಚಾದ ಮೇಲೆ ಅದನ್ನು ಕಂಡವರಿಗೆ ಕೊರತೆ ಇರುವುದಿಲ್ಲ. ಆದರೆ ಅಚ್ಚಾಗುವ ಮೊದಲು ಒಬ್ಬರಾದರೂ ಹೇಳಿದ್ದರೇ?

ಮಾಧವ ಸರ್ ಇಪ್ಪತ್ತಕ್ಕೆ ಹದಿನೆಂಟು ಅಂಕ ಕೊಟ್ಟರು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡು ಪದ ಬರೆದರು: “ಯಾರು ಕಂಡರು?”

“ಹದಿನೆಂಟು ಬಂದದ್ದು ಮರತೇ ಹೋತರಿ. ಆ ಎರಡು ಶಬ್ದ ಮಾತ್ರ ಹತ್ತು ತಿಂಗಳು ತಲಿಯೊಳಗ ಕುಂತವು. ಹೌದಲ್ಲ, ನಾ ಅಳದೀನಿ, ಕಂಡಿಲ್ಲ. ಯಾರಿಗೂ ಕೇಳೂ ಇಲ್ಲ.”

ಈ ವರ್ಷದ ಶ್ರಾವಣದ ಮೊದಲ ಸೋಮವಾರ ಜುಲೈ 28. ಅಂದು ಬೆಳಗಿನ ಐದೂವರೆಗೇ ಮನಿಷಾ ಶಾಲೆಯ ಗೋಡೆಯ ಪಕ್ಕದ ಬೇವಿನ ಮರದಡಿ ಹೋಗಿ ನಿಂತರು. ಮಳೆ ಬರಲಿಲ್ಲ. ಜನಾಬಾಯಿ ಬಂದರು. ವೈಜಿನಾಥ ಅವರ ದೊಡ್ಡವ್ವ, ವಯಸ್ಸು ಎಪ್ಪತ್ತನಾಲ್ಕು, ಶಾಲೆಯ ಎದುರಿನ ಮನೆ. ಮಿಂದು, ಒದ್ದೆ ಕೂದಲಿಗೆ ಸೆರಗು ಹೊದ್ದು, ಕೈಯಲ್ಲಿ ಸಣ್ಣ ತಾಮ್ರದ ಲೋಟ ಹಿಡಿದಿದ್ದರು. ಬೇಲಿಯ ಬಾಗಿಲಿಗೆ ಸುತ್ತಿದ ತಂತಿಯನ್ನು ರೂಢಿಯ ಕೈಯಿಂದ ಬಿಚ್ಚಿ ಒಳಗೆ ಹೋದರು. ಮಾಪಕದ ಬಾಯಿಗೆ, ಒಂದು ಹನಿಯೂ ಹೊರಗೆ ಬೀಳದಂತೆ, ನೀರು ಎರೆದರು. ಕೈ ಮುಗಿದರು. ತಂತಿಯನ್ನು ಮತ್ತೆ ಸುತ್ತಿ ಹೊರಟುಹೋದರು.

ಮನಿಷಾ ಮರದ ಹಿಂದಿನಿಂದ ಈಚೆ ಬರಲಿಲ್ಲ. ಎಂಟೂವರೆಗೆ ಅಳೆದಾಗ 4.0 ಸಿಕ್ಕಿತು. ಒಂದು ವರ್ಷ ಮುಟ್ಟದಿದ್ದ ಷರಾ ಅಂಕಣದಲ್ಲಿ ಬರೆದರು: “ಮಳೆ ಅಲ್ಲ. ಕೈಯಿಂದ ಎರೆದ ನೀರು.”

ಲೆಕ್ಕ ಸರಳ. ಮಾಪಕದ ಬಾಯಿಯ ವಿಸ್ತೀರ್ಣ ಇನ್ನೂರು ಚದರ ಸೆಂಟಿಮೀಟರ್. ಇಪ್ಪತ್ತು ಮಿಲಿಲೀಟರ್ ನೀರು ಅದರೊಳಗೆ ಬಿದ್ದರೆ ಒಂದು ಮಿಲಿಮೀಟರ್ ಮಳೆ ಎಂದರ್ಥ. ಜನಾಬಾಯಿಯ ಲೋಟ ಕಂಠದವರೆಗೆ ತುಂಬಿದರೆ ಎಂಬತ್ತು ಮಿಲಿಲೀಟರ್ ಹಿಡಿಯುತ್ತದೆ.

ಒಂದು ವಾರ ಮನಿಷಾ ಯಾರಿಗೂ ಹೇಳಲಿಲ್ಲ. ಕೊನೆಯ ಪತ್ರಿಕೆಗೆ “ಸೋಮವಾರದ ಮಳೆ”ಯನ್ನೇ ಬೆಳೆಸಿ ಎರಡು ಪುಟ ಮಾಡುವ ಯೋಜನೆ ಇತ್ತು, ಅದು ಬಿದ್ದುಹೋಯಿತು. ತಪ್ಪು ಅಂಕಿ ಕಳಿಸಿದ್ದಕ್ಕೆ ಅಳತೆಯ ಕೆಲಸ ಹೋಗಬಹುದು. ಇವೆರಡಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಜನಾಬಾಯಿ. ಊರು ನಕ್ಕರೆ? ಆ ತಾಯಿ ಮತ್ತೆ ಆ ಅಂಗಳಕ್ಕೆ ಕಾಲಿಡುತ್ತಾರೆಯೇ?

ಆಗಸ್ಟ್ 4ರ ಸೋಮವಾರ ಬೆಳಿಗ್ಗೆ ಅವರು ಬೇಲಿಯ ಬಾಗಿಲಲ್ಲೇ ಕುಳಿತು ಕಾದರು. ಪಕ್ಕದಲ್ಲಿ ಅಳತೆಯ ಗಾಜು.

“ಏನವಾ ಮನಿಷಾ, ಹೊತ್ತು ಹುಟ್ಟೂಕಿಂತ ಮೊದಲ ಕಾವಲ ಕುಂತೀ? ಯಾರ ಒಯ್ತಾರ ಈ ಡಬ್ಬಿ?” ಎಂದರು ಜನಾಬಾಯಿ.

“ದೊಡ್ಡವ್ವ, ಇದಕ್ಕ ಯಾಕ ನೀರ ಹಾಕ್ತೀರಿ?”

“ಯಾಕ ಅಂದ್ರ? ಕೂಡ್ಸಿದ ದಿನ ಆ ಸಾಹೇಬ ಟೆಂಗು ಒಡದಾನ, ಕುಂಕುಮ ಹಚ್ಯಾನ. ‘ಇದು ಮಳಿದೇವರು ಇದ್ದಂಗ, ಹುಡುಗರು ಯಾರೂ ಮುಟ್ಟಬ್ಯಾಡ್ರಿ’ ಅಂತ ನನ್ನ ಮುಂದೇ ಹೇಳ್ಯಾನ. ನಾ ಏನು ಮುಟ್ಟೀನೇನು? ದೂರಿಂದ ಎರೀತೇನಿ. ದೇವರು ಅಂದ ಮ್ಯಾಲ ಶ್ರಾವಣ ಸೋಮವಾರ ಒಣಗಿಸಿ ಇಡ್ತಾರೇನು?”

ಮನಿಷಾ ಲೋಟವನ್ನು ಕೇಳಿ ತೆಗೆದುಕೊಂಡರು. ನೀರನ್ನು ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಗೆರೆ ತೋರಿಸಿದರು. ಕಳೆದ ಸಲ ಅಚ್ಚು ಹಾಕಿಸಿದ ಸೋಮವಾರದ ಮಳೆ ಇದೇ ನೀರು ಎಂದರು. ಜನಾಬಾಯಿ ಗಾಜಿನ ಗೆರೆಗೆ ಬೆರಳಿಟ್ಟರು.

“ನಂದು ಎಷ್ಟಂದಿ?”

“ನಾಲ್ಕು.”

“ಅದನ್ನ ನೀ ಬರದಿ. ಬರದು ಕಚೇರಿಗೆ ಕಳಸಿದಿ. ಕಚೇರಿಯವರು?”

“ಅವರು ಮುಂದ ಬೆಂಗಳೂರಿಗೆ ಕಳಸ್ತಾರ.”

“ಹಂಗಾದ್ರ ನನ್ನ ಲೋಟದ ನೀರು ಬೆಂಗಳೂರು ತನಕ ಹೋಗಿ ಬಂತು. ನಾ ಬೀದರ ದಾಟಿಲ್ಲ ನೋಡು!” ಎಂದು ನಕ್ಕರು. ಆಮೇಲೆ ನಗು ಇಳಿಯಿತು. “ತಪ್ಪಾತೇನವಾ?”

“ತಪ್ಪು ನಂದು ದೊಡ್ಡವ್ವ. ನಾ ಕೇಳಬೇಕಿತ್ತು. ಪೇಪರ್‌ದಾಗ ತಿದ್ದತೇನಿ. ನಿಮ್ಮ ಹೆಸರು ಹಾಕಂಗಿಲ್ಲ. ‘ಒಬ್ಬರು’ ಅಂತ ಬರೀತೇನಿ.”

ಮುದುಕಿಗೆ ಸಿಟ್ಟು ಬಂದದ್ದು ಆಗ. “ಒಬ್ಬರು ಅಂದ್ರ ಯಾರು? ಊರಾಗ ಎಲ್ಲರ ಮಾರಿ ನೋಡ್ಕೋತ ಹೋಗ್ತಾರ ಮಂದಿ. ನಾ ಕಳವು ಮಾಡಿಲ್ಲ. ದೇವರಿಗೆ ನೀರು ಎರದೀನಿ. ಜನಾಬಾಯಿ ಅಂತನೇ ಹಾಕು. ದೊಡ್ಡ ಅಕ್ಷರದಾಗ ಹಾಕು.” ಜನಾಬಾಯಿಗೆ ಓದಲು ಬಾರದು.

ಮರುದಿನ ಮನಿಷಾ ತಾಲ್ಲೂಕು ಕಚೇರಿಗೆ ಪತ್ರ ಬರೆದು, ಶ್ರಾವಣ ಸೋಮವಾರಗಳ ಎಲ್ಲ ತಾರೀಖುಗಳನ್ನೂ ಕೊಟ್ಟು, ಆ ಅಂಕಿಗಳನ್ನು ನಂಬಬಾರದೆಂದು ತಿಳಿಸಿದರು. ಉತ್ತರ ಇನ್ನೂ ಬಂದಿಲ್ಲ. ಆಮೇಲೆ ಮಾಧವ ಸರ್‌ಗೆ ಫೋನ್ ಮಾಡಿದರು. ಕೊನೆಯ ಪತ್ರಿಕೆಯ ಮುಖ್ಯ ಬರಹವಾಗಿ ತಿದ್ದುಪಡಿಯನ್ನೇ ಹಾಕಬಹುದೇ ಎಂದು ಕೇಳಿದರು.

“ಹಾಕ್ರಿ. ಆದ್ರ ತಿದ್ದುಪಡಿಗೆ ಎಷ್ಟು ಅಂಕ ಅಂತ ನನ್ನ ಕಡಿ ಇರೋ ಪಟ್ಟಿಯೊಳಗ ಇಲ್ಲ. ಪಾಸಾಗ್ತೀರಿ ಅಂತ ನಾ ಮಾತು ಕೊಡಂಗಿಲ್ಲ,” ಎಂದರು ಸರ್. ಜೊತೆಗೆ ಸೇರಿಸಿದರು: “ಮತ್ತ ಒಂದು ಕೇಳ್ತೇನಿ. ಹೋದ ಸಲ ಮಳಿ ಅಂದ್ರಿ, ನೋಡಿರಲಿಲ್ಲ. ಈ ಸಲ ಅಜ್ಜಿ ನೀರು ಅಂತೀರಿ. ಅಜ್ಜಿ ಎರೀಲಾರದ ಒಂದು ಸೋಮವಾರ ನೋಡೀರೇನು?”

ನೋಡಿರಲಿಲ್ಲ. ಆಗಸ್ಟ್ 4ರಂದು ಲೋಟವನ್ನು ತಡೆದರೇನೋ ನಿಜ. ಆದರೆ ಆ ನಸುಕಿನಲ್ಲಿ ನಿಜವಾದ ಮಳೆ ಹನಿದಿತ್ತು, ಅಂಕಿ ಏನನ್ನೂ ಹೇಳುವಂತಿರಲಿಲ್ಲ. ಗಡುವಿನೊಳಗೆ ಉಳಿದದ್ದು ಒಂದೇ ಸೋಮವಾರ: ಆಗಸ್ಟ್ 11, ಪತ್ರಿಕೆ ಒಪ್ಪಿಸುವ ಕೊನೆಯ ದಿನ.

ಭಾಲ್ಕಿಯ ಹಳೆಯ ಪೇಟೆಯಲ್ಲಿ ಉಸ್ಮಾನ ಮಿಯಾ ಅವರ ಸಣ್ಣ ಮುದ್ರಣಾಲಯವಿದೆ. ಮದುವೆ ಕಾರ್ಡು, ರಸೀದಿ ಪುಸ್ತಕಗಳ ನಡುವೆ “ಹಟ್ಟಿ ಹಾಳೆ”ಯೂ ಅಲ್ಲೇ ಅಚ್ಚಾಗುತ್ತದೆ. ಅವರಿಗೆ ಅರವತ್ತೆಂಟು ವರ್ಷ. ಕಂಪ್ಯೂಟರ್ ಬಂದ ಮೇಲೂ ಸೀಸದ ಅಕ್ಷರಗಳ ಮರದ ಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದಾರೆ. ಕಳೆದ ಗುರುವಾರ ಮನಿಷಾ ತಿದ್ದುಪಡಿಯನ್ನು ನಾಲ್ಕನೆಯ ಪುಟದ ಕೆಳಗೆ ಹಾಕಿದ್ದ ಕರಡು ತಂದಾಗ, ಅವರು ಕನ್ನಡಕ ಹಣೆಗೇರಿಸಿದರು.

“ಬೇಟಿ, ಛಾಪಖಾನಿಯೊಳಗ ಒಂದ ಉಸೂಲ್ ಅದ. ಗಲತಿ ಎಲ್ಲಿ ಛಾಪ ಹೊಡದೀರಿ, ಮಾಫಿ ಅಲ್ಲೇ. ಎಷ್ಟು ದೊಡ್ಡ ಅಕ್ಷರದಾಗ ಹೊಡದೀರಿ, ಅಷ್ಟೇ ದೊಡ್ಡದು. ನಾ ಒಮ್ಮಿ ಶಾದಿ ಕಾರ್ಡಿನಾಗ ಹತ್ತು ಗಂಟಿ ಇದ್ದದ್ದು ಹನ್ನೆರಡು ಮಾಡಿದ್ದೆ. ಮತ್ತ ಛಾಪಿಸೋಕ ಟೈಮ್ ಇಲ್ಲ. ಶಾದಿ ದಿನ ಊರ ಅಗಸಿ ಬಾಗಿಲದಾಗ ನಾನೇ ನಿಂತು, ತಡಾ ಮಾಡಿ ಬಂದ ಒಬ್ಬೊಬ್ಬರಿಗೂ ‘ಗಲತಿ ನಂದು, ಊಟ ಅವರದು’ ಅಂದೀನಿ.”

ಮನಿಷಾ ಕರಡನ್ನು ಬದಲಿಸಿದರು. ಮೊದಲ ಪುಟ, ಎಡ ಮೇಲ್ಮೂಲೆ, ಹದಿನಾಲ್ಕು ಪಾಯಿಂಟ್: “ಕಳೆದ ಸಂಚಿಕೆಯ ಇದೇ ಜಾಗದಲ್ಲಿ ‘ಸೋಮವಾರದ ಮಳೆ’ ಎಂದು ಬರೆದಿದ್ದೆ. ಅದು ಮಳೆಯಲ್ಲ, ಜನಾಬಾಯಿಯವರು ಭಕ್ತಿಯಿಂದ ಎರೆದ ನೀರು. ನಾನು ಅಳೆದೆ, ಕೇಳಲಿಲ್ಲ. ತಪ್ಪು ನನ್ನದು. ನೀರು ಎರೆಯದ ಸೋಮವಾರ, ಆಗಸ್ಟ್ 11ರ ಅಳತೆ:” ಅಲ್ಲಿಂದ ಮುಂದೆ ಎರಡು ಸೆಂಟಿಮೀಟರ್ ಖಾಲಿ ಜಾಗ. ಅಂಕಿಯನ್ನು ಪೆನ್ನಿನಿಂದ ತುಂಬಬೇಕು, ಇನ್ನೂರು ಪ್ರತಿಗಳಲ್ಲಿಯೂ.

ಆರು ಗಂಟೆ ಹತ್ತು ನಿಮಿಷಕ್ಕೆ ಹಟ್ಟಿಯ ಕದ ತೆರೆಯುತ್ತದೆ. ಕುರಿಗಳು ಮಂಜಿನೊಳಗೆ ಒಂದೊಂದಾಗಿ ಕರಗುತ್ತವೆ. ಹಿಂದೆ ನಡೆಯುತ್ತಿರುವ ವೈಜಿನಾಥ ತಿರುಗಿ ಹೇಳುತ್ತಾರೆ: “ಎಲ್ಲರೂ ಪೇಪರ್‌ದಾಗ ಹೆಸರು ಬರ್ಲಿ ಅಂತಾರ. ತಪ್ಪು ಮಾಡೀನಿ ಅಂತ ಇನ್ನೂರು ಮನಿಗೆ ಹಂಚೋಕಿ ಇಕಿ ಒಬ್ಬಾಕಿನೇ ನೋಡ್ರಿ.” ಮಾತಿನಲ್ಲಿ ಚೇಷ್ಟೆ ಇದೆ, ಸಣ್ಣ ಹೆಮ್ಮೆಯೂ ಇದೆ. ನಾಲ್ಕೇ ಹೆಜ್ಜೆಗೆ ಅವರೂ ಕಾಣದಾಗುತ್ತಾರೆ. ಕೊರಳ ಗಂಟೆಯ ಸದ್ದು ಮಾತ್ರ ತುಸು ಹೊತ್ತು ತೇಲುತ್ತದೆ.

ಆರೂಕಾಲಿಗೆ ಜನಾಬಾಯಿ ಮನೆಯಿಂದ ಹೊರಡುತ್ತಾರೆ. ಕೈಯಲ್ಲಿ ಅದೇ ತಾಮ್ರದ ಲೋಟ, ಕಂಠದವರೆಗೆ ನೀರು. ಮನಿಷಾ ಅಂಗಳದ ಈ ತುದಿಯಲ್ಲೇ ನಿಲ್ಲುತ್ತಾರೆ, ಎರೆಯಬೇಡಿ ಎನ್ನುವುದಿಲ್ಲ. ಹೇಳಿಕೊಟ್ಟರೆ ಅದು ನೋಡಿದಂತಾಗುವುದಿಲ್ಲ ಎಂಬುದು ಅವರ ಲೆಕ್ಕ. ಮುದುಕಿ ಬೇಲಿಯ ಹತ್ತಿರ ಬರುತ್ತಾರೆ. ಬಲಗೈ ತಾನಾಗಿಯೇ ತಂತಿಗೆ ಹೋಗುತ್ತದೆ, ಒಂದು ಸುತ್ತು ಬಿಚ್ಚುತ್ತದೆ. ಅಲ್ಲೇ ನಿಲ್ಲುತ್ತದೆ. ಮೋಡ ಅಲುಗುವುದಿಲ್ಲ. ಜನಾಬಾಯಿ ಮಾಪಕವನ್ನು ನೋಡಿ, ಮನೆಯ ಮಗುವಿಗೆ ಹೇಳುವಂತೆ ಹೇಳುತ್ತಾರೆ: “ಇವತ್ತ ನಾನೂ ಉಪವಾಸ ಇದ್ದೀನಿ. ನೀನೂ ಇರಪ್ಪ.”

ಬಿಚ್ಚಿದ ಸುತ್ತನ್ನು ಮತ್ತೆ ಸುತ್ತಿ, ಇಪ್ಪತ್ತು ಹೆಜ್ಜೆ ಆಚೆಗಿನ ಬೇವಿನ ಬುಡಕ್ಕೆ ಹೋಗಿ ಲೋಟ ಬರಿದು ಮಾಡುತ್ತಾರೆ. ನೀರು ಬೇರಿನ ಸಂದಿಯಲ್ಲಿ ಒಂದು ಕ್ಷಣ ಹೊಳೆದು ಇಂಗುತ್ತದೆ.

ಇನ್ನು ಎರಡು ಗಂಟೆ ಕಾಯಬೇಕು. ಮನಿಷಾ ಶಾಲೆಯ ಕಟ್ಟೆಯಲ್ಲಿ ಕುಳಿತು ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಪಾಸಾದರೆ ಏನು ಮಾಡುತ್ತೀರಿ ಎಂದರೆ ಹೇಳುತ್ತಾರೆ: “ತಿಂಗಳಿಗೊಂದು ಹಟ್ಟಿ ಹಾಳೆ ತರಬೇಕು ಅಂತ ಅದರಿ. ಕಡೀ ಪುಟದಾಗ ಆ ತಿಂಗಳದ ಮಳಿ, ದಿನಾ ದಿನಾದ್ದು. ಯಾರಾದ್ರೂ ಇದು ಖರೇ ಏನು ಅಂತ ಕೇಳಿದ್ರ, ಬರ್ರಿ ನೋಡ್ರಿ ಅಂತ ಕರಕೊಂಡ ಬಂದು ತೋರಸಬೇಕು. ಫೇಲಾದ್ರೂ ಅದನ್ನೇ ಮಾಡ್ತೇನಿ. ಸ್ವಲ್ಪ ತಡಾ ಆಗ್ತದ ಅಷ್ಟೇ.”

ಆ ಹಳೆಯ ಬರಹ ಸುಳ್ಳಾದದ್ದಕ್ಕೆ ಬೇಸರವಿಲ್ಲವೇ? “ಅದ ರೀ. ಚಂದ ಇತ್ತು ಆ ಮಳಿ. ಈಗೂ ಸೋಮವಾರ ನಸುಕಿನ್ಯಾಗ ಎಚ್ಚರಾದ್ರ ಬಂದಂಗ ಅನಸ್ತದ. ಅನಸೂದು ನಂದು. ವಹಿಯೊಳಗ ಬರೀಬಾರದು.”

ಎಂಟು ಗಂಟೆ ಇಪ್ಪತ್ತೊಂಬತ್ತು ನಿಮಿಷ. ತಂತಿ ಬಿಚ್ಚಿ ಒಳಗೆ ಹೋಗುತ್ತಾರೆ. ಎದುರು ಮನೆಯ ಹೊಸ್ತಿಲಲ್ಲಿ ಜನಾಬಾಯಿ ನಿಂತಿದ್ದಾರೆ. ಮನಿಷಾ ಮಾಪಕದ ಮೇಲ್ಭಾಗ ಎತ್ತಿ, ಒಳಗಿನ ಬಾಟಲಿ ತೆಗೆದು, ಅಳತೆಯ ಗಾಜಿನ ಮೇಲೆ ಬೋರಲು ಹಾಕುತ್ತಾರೆ. ಏನೂ ಬೀಳುವುದಿಲ್ಲ. ಆದರೂ ಬಾಟಲಿಯನ್ನು ಹಾಗೆಯೇ ಹಿಡಿದು ಇಪ್ಪತ್ತರವರೆಗೆ ಎಣಿಸುತ್ತಾರೆ. ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತುತ್ತಾರೆ. ಗಾಜಿನ ತುಂಬ ಬೆಳಗಿನ ಬೂದು ಬೆಳಕು.

“ಎಷ್ಟವಾ?” ಎಂದು ಜನಾಬಾಯಿ ಹೊಸ್ತಿಲಿನಿಂದಲೇ ಕೂಗುತ್ತಾರೆ.

ಮನಿಷಾ ಕೈಯಾಡಿಸಿ ಇಲ್ಲವೆನ್ನುತ್ತಾರೆ. ಮುದುಕಿ ಎರಡೂ ಕೈ ಮುಗಿಯುತ್ತಾರೆ.

ಏನೂ ಇಲ್ಲದ ದಿನ ಜಾಗ ಖಾಲಿ ಬಿಟ್ಟರಾಗದೇ? ಪೆನ್ನಿನ ಮುಚ್ಚಳ ತೆಗೆಯುತ್ತ ಮನಿಷಾ ಹೇಳುತ್ತಾರೆ: “ಖಾಲಿ ಬಿಟ್ರ ನೋಡಿಲ್ಲ ಅಂತ ಅರ್ಥರಿ. ಸೊನ್ನಿ ಬರದ್ರ ನೋಡೀನಿ ಅಂತ.”

ಮೊದಲು ವಹಿಯಲ್ಲಿ ಬರೆಯುತ್ತಾರೆ. ಬಳಿಕ ಲಕೋಟೆಯಿಂದ ಮೂರು ಪ್ರತಿಗಳನ್ನು ತೆಗೆದು, ಒಂದೊಂದನ್ನೂ ಮೊಣಕಾಲ ಮೇಲಿಟ್ಟು, ಆ ಎರಡು ಸೆಂಟಿಮೀಟರ್ ಜಾಗವನ್ನು ತುಂಬುತ್ತಾರೆ. ಶಾಯಿ ಒಣಗಿದ ಮೇಲೆ ಲಕೋಟೆಯ ಬಾಯಿ ಅಂಟಿಸುತ್ತಾರೆ. ಬೀದರಕ್ಕೆ ಹೋಗುವ ಬಸ್ಸಿಗೆ ಹದಿನೈದು ನಿಮಿಷವಿದೆ.

ನೀರು ಎರೆಯದ ಸೋಮವಾರ, ಆಗಸ್ಟ್ 11ರ ಅಳತೆ: 0.0 ಮಿಲಿಮೀಟರ್.